ಮೂರು ನೀರಲ್ಲಿ ತೊಳೆದ ಸಿಂಪಿ

ಇಲ್ಲಿಯವರು ಕಡಲ ಸಿಂಪಿಯನ್ನು ಜೀವಂತ ತಿನ್ನುತ್ತಾರೆ. ಬೇಯಿಸುವುದಿಲ್ಲ, ಹುರಿಯುವುದಿಲ್ಲ. ಚಿಪ್ಪು ಬಿಡಿಸಿ ನಿಂಬೆ ಹಿಂಡಿದರೆ ಒಳಗಿನದು ಮುದುಡಿಕೊಳ್ಳುತ್ತದೆ. ಅದನ್ನೇ ಸೊರ್ ಎಂದು ಎಳೆದುಕೊಂಡು, ಮೇಲೆ ಒಂದು ಗುಟುಕು ಬಿಳಿ ವೈನ್ ಕುಡಿಯುತ್ತಾರೆ. ಮೊದಲ ದಿನ ನೋಡಲಾಗದೆ ಅಡುಗೆಮನೆಗೆ ಸರಿದೆ.

ನಾನು ಸೊರಬ ತಾಲೂಕಿನ ಹೊಸಬಾಳೆಯವನು. ಓದಿದ್ದು ಏಳನೇ ಕ್ಲಾಸು. ಗೋವಾದ ಹೋಟೆಲಲ್ಲಿ ತಂದೂರಿ ಒಲೆ ಮುಂದೆ ನಿಂತಿದ್ದವನನ್ನು, ಅಲ್ಲಿ ಊಟಕ್ಕೆ ಬರುತ್ತಿದ್ದ ಓಡಿಲ್ ಮೇಡಂ ಫ್ರಾನ್ಸಿಗೆ ಕರೆಸಿಕೊಂಡರು. ನಾಂತ್ ಪಟ್ಟಣದ ಹತ್ತಿರ ಅವರದೊಂದು ಸಣ್ಣ ಹೋಟೆಲು. ಮೂರು ತಿಂಗಳು ನೋಡುತ್ತೇನೆ, ಕೆಲಸ ಹಿಡಿಸಿದರೆ ಇರು, ಇಲ್ಲದಿದ್ದರೆ ಊರಿಗೆ ಹೊರಡು ಎಂದು ಮೊದಲೇ ಹೇಳಿದ್ದರು.

ಇರಲು ಹೋಟೆಲಿನ ಅಟ್ಟ. ಭಾಷೆ ಬಾರದು; ಮೇಡಂ ಜೊತೆ ಮಾತ್ರ ಗೋವಾದಲ್ಲಿ ಕಲಿತ ಹರಕು ಇಂಗ್ಲಿಷು. ಬೋಂಜೂರ್ ಅಂದರೆ ನಮಸ್ಕಾರ. ಅದನ್ನು ಹೇಳದೆ ಬ್ರೆಡ್ ಕೇಳಿದರೆ ಅಂಗಡಿಯವಳು ಮುಖ ತಿರುಗಿಸುತ್ತಾಳೆ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರೂ ಊಟ ಆಯ್ತೇನು ಅಂತಾರೆ. ಇಲ್ಲಿ ಊಟ ಬಡಿಸುವ ಮನೆಯಲ್ಲೇ ಇದ್ದೇನೆ, ಕೇಳುವವರಿಲ್ಲ.

ಮೂರನೇ ತಿಂಗಳ ಒಂದು ಭಾನುವಾರ ಮೇಡಂ ಸಿಂಪಿ ಬಿಡಿಸುವ ಕೆಲಸ ನನಗೆ ಕೊಟ್ಟರು. ಎರಡು ತಟ್ಟೆ ತುಂಬ ಬಿಡಿಸಿದೆ. ಚಿಪ್ಪಿನೊಳಗೆಲ್ಲ ನೀರು. ಚೆಲ್ಲಿದೆ. ಉಪ್ಪು ಹಾಕಿ ಮೂರು ನೀರಲ್ಲಿ ತೊಳೆದು, ಸಾಲಾಗಿ ಜೋಡಿಸಿಟ್ಟೆ.

ಮೇಡಂ ಬಂದು ನೋಡಿದರು. "ಇದರ ನೀರೆಲ್ಲಿ?"

"ಚೆಲ್ಲಿದೆ ಮೇಡಂ. ನೋಡಿ, ಎಷ್ಟು ಕ್ಲೀನಾಗಿದೆ."

"ಸಮುದ್ರ ಇದ್ದದ್ದೇ ಅದರಲ್ಲಿ. ಸಮುದ್ರಾನೇ ಚರಂಡಿಗೆ ಹಾಕಿದೀಯಲ್ಲೋ!"

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಮುಸ್ಕಾದೆ ಎಂಬ ಬಿಳಿ ವೈನ್ ಸುರಿದರು. ಅದು ಈ ಸೀಮೆಯದೇ. ದ್ರಾಕ್ಷಿ ರಸ ಹುಳಿ ಬಂದ ಮೇಲೆ ತಳದ ಗಷ್ಟು ತೆಗೆಯದೆ ಚಳಿಗಾಲವೆಲ್ಲ ಹಾಗೇ ಬಿಡುತ್ತಾರಂತೆ. ಅದಕ್ಕೆ 'ಸ್ಯುರ್ ಲಿ' ಅಂತಾರೆ, ಗಷ್ಟಿನ ಮೇಲೆ ಎಂದು. ನಾವು ಚೆಲ್ಲುವುದನ್ನೆಲ್ಲ ಇವರು ಇಟ್ಟುಕೊಳ್ಳುತ್ತಾರೆ.

ಮೊದಲು ನಾನು ತೊಳೆದ ಸಿಂಪಿ ತಿನ್ನಿಸಿದರು. ಒದ್ದೆ ಬಟ್ಟೆ ಅಗಿದ ಹಾಗಿತ್ತು. ಆಮೇಲೆ ತಾವೇ ಒಂದನ್ನು ಬಿಡಿಸಿ, ನೀರು ಚೆಲ್ಲದಂತೆ ಕೈಗಿತ್ತರು. ಕಣ್ಣು ಮುಚ್ಚಿ ಎಳೆದುಕೊಂಡೆ. ಉಪ್ಪು, ತಣ್ಣಗೆ. ಮೇಲೆ ವೈನ್. ಒಂದು ಚೂರೂ ಸಿಹಿಯಿಲ್ಲ, ನಿಂಬೆಯಂಥ ಹುಳಿ. ಬಾಯಲ್ಲಿ ಏನೋ ತೆರೆದುಕೊಂಡಿತು. ಮಳೆ ಬಿದ್ದ ಕಲ್ಲಿನ ವಾಸನೆ, ಆಮೇಲೆ ಒಂದು ಸಣ್ಣ ಸಿಹಿ; ಅದು ಸಿಂಪಿಯದೋ ವೈನಿನದೋ ಗೊತ್ತಾಗಲಿಲ್ಲ. ಚಿಪ್ಪಿನ ತಳದ ಹನಿಯನ್ನೂ ಹೀರಿದೆ.

"ಯಾಕೆ ತೊಳೆದೆ?" ಮೇಡಂ ಕೇಳಿದರು.

ಹೇಳಿದೆ. ನಮ್ಮಲ್ಲಿ ಬೇಸಿಗೆಗೆ ಕೆರೆ ಬತ್ತಿದಾಗ ಕೆರೆಬೇಟೆ. ಊರಿಗೆ ಊರೇ ಕೆಸರಿಗಿಳಿದು, ತಳವಿಲ್ಲದ ಬುಟ್ಟಿಯಂಥ ಬಿದಿರಿನ ಕೂಣಿ ಊರಿ ಮೀನು ಹಿಡಿಯುತ್ತದೆ. ಆ ಮೀನನ್ನು ಉಪ್ಪು, ಹುಳಿ ಹಾಕಿ ಮೂರು ನೀರಲ್ಲಿ ತೊಳೆಯದಿದ್ದರೆ ಕೆಸರಿನ ವಾಸನೆಗೆ ಯಾರೂ ತಟ್ಟೆ ಮುಟ್ಟುವುದಿಲ್ಲ.

ಮರುದಿನ ಮೇಡಂ ಹೊಳೆಯ ಒಂದು ಗೆಂಡೆ ಮೀನು ತಂದು ಮುಂದಿಟ್ಟರು. ಕೆಸರು ವಾಸನೆಗೆ ಗಿರಾಕಿಗಳು ಅದನ್ನು ಕೇಳುವುದೇ ಇಲ್ಲವಂತೆ. "ಇದನ್ನ ತೊಳಿ," ಅಂದರು. ನಮ್ಮ ಕ್ರಮದಲ್ಲೇ ತೊಳೆದು, ಖಾರ ಹಾಕದೆ ಬೆಣ್ಣೆಯಲ್ಲಿ ಹುರಿದೆ. ಮೇಡಂ ಮುಸ್ಕಾದೆ ಜೊತೆ ತಿಂದರು. ಬೆರಳು ನೆಕ್ಕಿದರು. ಕೆಲಸದ ಕರಾರಿನ ಕಾಗದ ತಂದು ಸಹಿ ಹಾಕು ಅಂದರು.

ಶಿಕಾರಿಪುರಕ್ಕೆ ಕೊಟ್ಟ ಅಕ್ಕನಿಗೆ ಫೋನಲ್ಲಿ ಎಲ್ಲ ಹೇಳಿದೆ.

"ಥೂ! ತೊಳೀದೇ, ಹಸೀದು? ಯಾವ ಜನ್ಮದ ಪಾಪನೋ ನಿಂದು!"

"ರುಚಿ ಐತಿ ಕಣೆ."

"ಕೆಟ್ಟೋದಿ ಬಿಡು. ಊರಿಗೆ ಬಾ, ಬಾಯಿನೂ ಮೂರು ನೀರಾಗೆ ತೊಳಿತೀನಿ."

ಮೊನ್ನೆ ಕೆರೆಬೇಟೆಗೆಂದು ತವರಿಗೆ ಹೋಗಿದ್ದ ಅಕ್ಕ ವೀಡಿಯೋ ಕಾಲ್ ಮಾಡಿದ್ದಳು. ಹಿತ್ತಲಲ್ಲಿ ಕೂತು ಮೀನು ತೊಳೆಯುತ್ತಿದ್ದಳು. ನಾನಿಲ್ಲಿ ಸಿಂಪಿ ಬಿಡಿಸುತ್ತಿದ್ದೆ. ಅವಳು ಮೂರನೇ ನೀರು ಚೆಲ್ಲಿದಳು. ಚೆಲ್ಲಬೇಡ ಕಣೆ ಎಂದು ಕೂಗಲು ಬಾಯಿ ತೆರೆದೆ. ಮುಚ್ಚಿಕೊಂಡೆ. ನೋಡಿದರೆ, ನನ್ನ ಕೈಲಿದ್ದ ಚಿಪ್ಪು ವಾಲಿ, ಅರ್ಧ ಸಮುದ್ರ ಆಗಲೇ ಮೇಜಿನ ಮೇಲಿತ್ತು.