ಮೋರ್ ಬಿನೈನ್ ಅಂದರೆ ಯಾವುದಕ್ಕಿಂತ?

‘ಇಟ್ಸ್ ಮೋರ್ ಬಿನೈನ್, ಮೇಡಂ. ಭಯ ಬೇಡ.’

ಹೋದ ವಾರ ಡಾಕ್ಟರು ಹೀಗೆ ಅಂದದ್ದೇ ತಡ, ನಾನು ಎದ್ದು ಚೀಲ ಹೆಗಲಿಗೇರಿಸಿದೆ. ಬಿನೈನ್ ಅಂದರೆ ಅಪಾಯವಿಲ್ಲದ್ದು ಅನ್ನುವಷ್ಟು ಇಂಗ್ಲಿಷ್ ನನಗೂ ಗೊತ್ತು. ಅಕ್ಕನ ಕತ್ತಿನಲ್ಲಿದ್ದ ಗಂಟಿನ ಚೂರು ಲ್ಯಾಬಿಗೆ ಹೋದಾಗಿನಿಂದ ನಮ್ಮಿಬ್ಬರಿಗೂ ಊಟ ಸೇರಿರಲಿಲ್ಲ. ಇನ್ನೇನು ಬೇಕು?

ಅಕ್ಕ ಏಳಲೇ ಇಲ್ಲ.

(ಅಕ್ಕ ಮೈಸೂರಿನ ಸಿದ್ಧಾರ್ಥನಗರದಲ್ಲಿದ್ದಾಳೆ. ನಿವೃತ್ತ ಇಂಗ್ಲಿಷ್ ಟೀಚರ್. ಮದುವೆ ಕಾರ್ಡಿನಲ್ಲೂ ಸ್ಪೆಲಿಂಗ್ ತಿದ್ದುವವಳು.)

‘ಮೋರ್ ಬಿನೈನ್ ದ್ಯಾನ್ ವಾಟ್?’ ಅಂದಳು.

ಡಾಕ್ಟರು ಪಿಳಿಪಿಳಿ ಕಣ್ಣು ಬಿಟ್ಟರು. ಚಿಕ್ಕ ವಯಸ್ಸಿನವರು. ಹೊರಗೆ ಬೆಂಚಿನ ತುಂಬಾ ಜನ. ನನಗೋ ಮುಜುಗರ. ‘ಬುಡಕ್ಕ, ಇಲ್ಲೂ ಗ್ರಾಮರಾ? ಏಳು’ ಅಂತ ತಿವಿದೆ.

‘ಸುಮ್ನಿರೇ. ಮೋರ್ ಅಂದ್ಮೇಲೆ ಇನ್ನೊಂದಕ್ಕೆ ಹೋಲಿಸ್ಬೇಕು ತಾನೇ? ಯಾವ್ದಕ್ಕಿಂತ ವಾಸಿ? ಬೇರೆಯವ್ರ ಗಂಟಿಗಿಂತ್ಲಾ? ಅಂದ್ರೆ ನಂದ್ರಲ್ಲೂ ಒಂಚೂರು ಕೆಟ್ಟದ್ದಿದೆ ಅಂತ್ಲಾ?’

ಆಗ ಅವಳ ಕೈ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದಿದ್ದಳು. ಅವಳಿಗೆ ಬೇಕಿದ್ದದ್ದು ಗ್ರಾಮರ್ ಅಲ್ಲ. ನಾನು ಮತ್ತೆ ಕೂತೆ.

ಡಾಕ್ಟರಿಗೂ ಅದು ಕಂಡಿರಬೇಕು. ಪೆನ್ನು ಕೆಳಗಿಟ್ಟು, ಕುರ್ಚಿ ಮುಂದೆಳೆದುಕೊಂಡರು. ‘ಸಾರಿ ಮೇಡಂ. ಮಾತಿನ ಭರದಲ್ಲಿ ಮೋರ್ ಸೇರ್ಕೊಂಡುಬಿಡ್ತು. ಬಿನೈನ್, ಅಷ್ಟೇ. ಕ್ಯಾನ್ಸರ್ ಇಲ್ವೇ ಇಲ್ಲ.’

‘ಹಾಗೆ ಹೇಳಪ್ಪ’ ಅಂದಳು ಅಕ್ಕ. ಕಣ್ಣು ಒರೆಸಿಕೊಂಡಳು. ಆಮೇಲೆ ಟೀಚರ್ ವಾಪಸ್ ಬಂದರು ನೋಡಿ!

‘ಹಿತವಾದ ಹವೆಗೂ ಬಿನೈನ್ ಅಂತಾರೆ. ಅದಕ್ಕೆ ಮೋರ್ ಸೇರಿಸು, ತಪ್ಪಿಲ್ಲ. ಬಳ್ಳಾರಿ ಬೇಸಿಗೆಗಿಂತ ಮೈಸೂರಿಂದು ಮೋರ್ ಬಿನೈನ್. ಅಲ್ಲಿ ಹೋಲಿಸೋಕೆ ಎರಡು ಊರಿದೆ. ಇಲ್ಲಿರೋದು ನನ್ನದೊಂದೇ ಕುತ್ತಿಗೆ ಕಣಪ್ಪ.’

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. (‘ಎಸ್ ಮಿಸ್’ ಅಂದರು ಅಂತ ಅಕ್ಕ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ. ನನಗಂತೂ ಕೇಳಿಸಲಿಲ್ಲ.)

ಅಲ್ಲಿಂದ ಸೀದಾ ಹೋಟೆಲಿಗೆ. ಅಕ್ಕ ಒಂದು ಮಸಾಲೆ ದೋಸೆ ಮುಗಿಸಿ ಇನ್ನೊಂದು ಹೇಳಿದಳು. ಅವಳು ಚಟ್ನಿಗೆ ಅದ್ದಿ ಅದ್ದಿ ತಿನ್ನುವುದನ್ನು ನಾನು ನೋಡುತ್ತಾ ಕೂತಿದ್ದಂತೆ ನನ್ನ ಕಾಫಿ ಆರಿಹೋಯಿತು.

ಮೋರ್ ಬೆಟರ್, ಮೋರ್ ಪರ್ಫೆಕ್ಟ್ ಅಂತ ನಾವೆಲ್ಲ ದಿನವಿಡೀ ಉದುರಿಸುತ್ತೇವೆ. ಯಾರಿಗೂ ಏನೂ ಆಗುವುದಿಲ್ಲ. ಆದರೆ ಎದುರಿಗೆ ಕೂತವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರೆ? ಅವರಿಗೆ ನಮ್ಮ ಒಂದೊಂದು ಪದವೂ ತೀರ್ಪು.

ನಿಮ್ಮ ಡಾಕ್ಟರು ‘ಪರವಾಗಿಲ್ಲ’ ಅಂದಾಗ, ನೀವು ಅಕ್ಕನ ಹಾಗೆ ಬಿಡಿಸಿ ಕೇಳುತ್ತೀರಾ, ಅಥವಾ ನನ್ನ ಹಾಗೆ ಚೀಲ ಹೆಗಲಿಗೇರಿಸುತ್ತೀರಾ?