ದೇವರ ಕೋಣೆಯ ಎರಡನೆಯ ಡಬ್ಬಿ

"ಎಮ್ಮಿ ಯಾಕ ಅಲುಗಾಡವಲ್ದು?"

ಅತ್ತೆ ಹೀಗೆ ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಪಡಸಾಲೆಯ ಮಂಚದ ಮೇಲೆ ಮಲಗಿದ್ದರು, ಕೈಯಲ್ಲಿ ನನ್ನ ಹಳೆಯ ಫೋನು. ಫೋನಿನಲ್ಲಿ ನಮ್ಮ ಹಿತ್ತಲು. ಹಿತ್ತಲಲ್ಲಿ ಎಮ್ಮೆ ಬಾಲ ಎತ್ತಿದ್ದು ಎತ್ತಿದ ಹಾಗೇ ನಿಂತಿತ್ತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದೆ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ನಿಂತುಹೋದದ್ದು ಚಿತ್ರ ಮಾತ್ರ.

ಮಲ್ಲಸಮುದ್ರದ ನಮ್ಮ ಮನೆ ಉದ್ದಕ್ಕೆ ಕಟ್ಟಿದ್ದು. ಮೊದಲು ಪಡಸಾಲೆ, ನಡುವೆ ದೇವರ ಕೋಣೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು. ನಾನು ಲಕ್ಷ್ಮೇಶ್ವರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಬೀದಿಯ ಬಾಗಿಲಲ್ಲಿ ನಿಂತು ನೋಡಿದರೆ, ಒಳಗಿನ ಕತ್ತಲೆಯ ಆಚೆ ತುದಿಯಲ್ಲಿ ಹಿತ್ತಲಿನ ಬಿಸಿಲು ಒಂದು ತಟ್ಟೆಯಷ್ಟು ಕಾಣುತ್ತಿತ್ತು. ಆ ತಟ್ಟೆಯೊಳಗೆ ಅತ್ತೆ, ಅವರ ಎಮ್ಮೆ. ಅಡುಗೆಮನೆ ನನಗೆ ಬಿಟ್ಟುಕೊಟ್ಟಿದ್ದರು, ಹಿತ್ತಲು ಬಿಟ್ಟಿರಲಿಲ್ಲ. ನಾನು ಅಲ್ಲಿಗೆ ಹೋದರೆ ಎಮ್ಮೆ ಮುಖ ತಿರುಗಿಸುತ್ತಿತ್ತು. ಅತ್ತೆಯೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಬಾಗಿಲ ಮುಂದಿನ ಬೈಕು ಕಳುವಾದ ಮೇಲೆ ನಮ್ಮನೆಯವರು ವೈರಿಲ್ಲದ ಕ್ಯಾಮೆರಾ ಹಾಕಿಸಿದ್ದರು, ಬೀದಿಗೊಂದು, ಹಿತ್ತಲಿಗೊಂದು. ಅವು ಕಂಡದ್ದನ್ನೆಲ್ಲ ಪಡಸಾಲೆಯ ಬಿಳಿ ಡಬ್ಬಿಯೊಂದಕ್ಕೆ ಕಳಿಸಬೇಕು, ಡಬ್ಬಿ ಅದನ್ನು ಫೋನಿಗೆ ಮುಟ್ಟಿಸಬೇಕು. ಬೇಸ್ ಸ್ಟೇಷನ್ ಎಂದು ಅದರ ಹೆಸರಂತೆ, ನಮ್ಮ ಬಾಯಲ್ಲಿ ಡಬ್ಬಿ. ಬೀದಿ ಚೆನ್ನಾಗಿ ಕಾಣುತ್ತಿತ್ತು. ಹಿತ್ತಲು ಮಾತ್ರ ತನಗೆ ಮನಸ್ಸು ಬಂದಾಗ ಕಾಣುತ್ತಿತ್ತು, ಇಲ್ಲದಿದ್ದರೆ ಇಲ್ಲ. ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯಿರಿ, ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿಯೇ ಹೇಳಿದರು. ಅತ್ತೆಗೆ ಹೆದರಿಕೆ, ಮಂಚ ಬಿಟ್ಟು ಇಳಿಯಲೊಲ್ಲರು. ವಾಕರ್ ನಮ್ಮನೆಯವರ ಬನಿಯನ್ ಒಣಹಾಕಲು ಬಳಕೆಯಾಯಿತು.

ಇತ್ತ ಎಮ್ಮೆ ಅತ್ತೆಯನ್ನು ಬಿಟ್ಟು ಯಾರಿಗೂ ಹಾಲು ಬಿಡಲಿಲ್ಲ. ಅದರ ಅಜ್ಜಿಯನ್ನು ಅತ್ತೆಯ ತವರಿನವರು ಡಂಬಳದಿಂದ ಹೊಡೆದುಕೊಂಡು ಬಂದು ಕೊಟ್ಟಿದ್ದರಂತೆ, ಆ ಗತ್ತು ಮೊಮ್ಮಗಳಿಗೂ ಇಳಿದಿತ್ತು. ನಾನು ಕೂತರೆ ಬಕೀಟು ಒದೆಯುತ್ತಿತ್ತು. ಕೊನೆಗೆ ನಮ್ಮನೆಯವರು, "ಅಮಾಸಿ ಕಳೀಲಿ, ಮುಂಡರಗಿ ದಲ್ಲಾಳಿ ಬರ್ತಾನ. ಮಾರಿಬಿಡೂಣು" ಎಂದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಎಮ್ಮೆಯ ಮೇಲೆ ಅಂಥ ಪ್ರೀತಿ ಏನಿರಲಿಲ್ಲ. ಆದರೆ ಆ ಬೆನ್ನನ್ನು ನೋಡಲಾಗಲಿಲ್ಲ. ಇರುವಷ್ಟು ದಿನವಾದರೂ ಕಣ್ತುಂಬ ನೋಡಲಿ ಎಂದು ಗದಗಿನಿಂದ ಕ್ಯಾಮೆರಾದವನನ್ನು ಕರೆಸಿದೆ.

ಅವನು ಮೊಳ ದಪ್ಪದ ಮಣ್ಣಿನ ಗೋಡೆಗಳನ್ನು ಗುದ್ದಿ ನೋಡಿ ನಕ್ಕ. "ಅಕ್ಕಾರ, ಇವು ಮನಿ ಗ್ವಾಡಿ ಅಲ್ರಿ, ಕ್ವಾಟಿ ಗ್ವಾಡಿ. ಒಂದ ಡಬ್ಬಿಗೆ ಇಷ್ಟು ದೂರ ನಿಲುಕಂಗಿಲ್ಲ. ನಡುವ ಇನ್ನೊಂದು ಇಟ್ಟು ಹಿತ್ತಲ ಕ್ಯಾಮೆರಾ ಅದಕ್ಕ ಜೋಡಸೂಣ್ರಿ."

ಮನೆಯ ನಡುವೆ ಎಂದರೆ ದೇವರ ಕೋಣೆ. ನಮ್ಮನೆಯವರು ಹಿಂದೆಮುಂದೆ ನೋಡಿದರು. ಮಂಚದಿಂದಲೇ ಅತ್ತೆ ಕೂಗಿದರು: "ಇಡ್ರಿ. ದೇವರಿಗೂ ಹಿತ್ತಲ ಕಾಣಲಿ." ಪಡಸಾಲೆಯಿಂದ ಒಂದು ವೈರು ಎಳೆದು, ಮೊದಲು ಎಣ್ಣೆಯ ದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಎರಡನೆಯ ಡಬ್ಬಿಯನ್ನು ಕೂಡಿಸಿದ್ದಾಯಿತು.

ಆಮೇಲಿನ ಮಧ್ಯಾಹ್ನಗಳು ನನಗೆ ಈಗಲೂ ಕನಸಿನ ಹಾಗೆ ನೆನಪಾಗುತ್ತವೆ. ಹೊರಗೆ ರಣಬಿಸಿಲು, ಒಳಗೆ ಮಣ್ಣಿನ ತಂಪು. ಅತ್ತೆಯ ಎದೆಯ ಮೇಲೆ ಫೋನು, ಫೋನಿನಿಂದ ಮೆಲುಕಿನ ಸಪ್ಪಳ. ಅದನ್ನು ಕೇಳುತ್ತ ಅವರಿಗೆ ನಿದ್ದೆ ಬರುತ್ತಿತ್ತು, ಪಕ್ಕದಲ್ಲಿ ಕೂತ ನನಗೂ ಜೊಂಪು. ನಿದ್ದೆಗಣ್ಣಲ್ಲೇ, "ಬೇವಿನ ನೆಳ್ಳು ಗೋದಲಿಗೆ ಬಂತು, ಅದಕ್ಕ ನೀರು ಕುಡಸು" ಎನ್ನುತ್ತಿದ್ದರು. ಮೇವು ಹಾಕುವ ಗೋದಲಿಯ ಮೇಲೆ ನೆರಳು ನಿಜವಾಗಿಯೂ ಬಂದಿರುತ್ತಿತ್ತು. ಹಿತ್ತಲು ಮನೆಯ ಹಿಂದೆ ಇದೆಯೋ, ಅತ್ತೆಯ ಎದೆಯ ಮೇಲೆ ಇದೆಯೋ ಎಂದು ನನಗೆ ಒಂದೊಂದು ಸಲ ತಿಳಿಯುತ್ತಿರಲಿಲ್ಲ.

ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಟ್ರ್ಯಾಕ್ಟರಿನಿಂದ ಮಿಕ್ಸಿಯವರೆಗೆ ದುಡಿಯುವ ಎಲ್ಲದಕ್ಕೂ ವಿಭೂತಿ ಹಚ್ಚಿ ಪೂಜೆ. ಮಧ್ಯಾಹ್ನ ಅತ್ತೆ ಹೇಳಿದರು, "ಹಿತ್ತಲದಾಗ ಮಂಜು ಬಿದ್ದೈತಿ ನೋಡ."

ಕಲ್ಲು ಸಿಡಿಯುವ ಬಿಸಿಲಿನಲ್ಲಿ ಎಲ್ಲಿಯ ಮಂಜು? ಹೋಗಿ ನೋಡಿದರೆ ಕ್ಯಾಮೆರಾದ ಕಣ್ಣಿನ ಮೇಲೇ ಮೂರು ಬೆರಳಿನ ವಿಭೂತಿ. ನನಗೆ ಸಿಟ್ಟು ನೆತ್ತಿಗೇರಿತು. "ಹಣಿಗೆ ಹಚ್ಚಾಕ ಆಗ್ತಿದ್ದಿಲ್ಲೇನ್ರೀ?" ಎಂದು ನಮ್ಮನೆಯವರನ್ನು ಕೇಳಿದೆ. "ಅದಕ್ಕ ಹಣಿ ಎಲ್ಲೈತಿ? ಬರೇ ಕಣ್ಣ ಐತಿ" ಎಂದು ಅವರು ಪೇಟೆಗೆ ನಡೆದರು. ಸೆರಗಿನಿಂದ ಒರೆಸಲು ಕೈ ಎತ್ತಿದೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಅತ್ತೆ ಮಂಚದ ಮೇಲಿಂದ ಕೂಗಿದರು: "ಒರಸಬ್ಯಾಡ! ಪೂಜಿ ಮಾಡಿದ್ದು, ಇವತ್ತೊಂದಿನ ಇರಲಿ."

ದಲ್ಲಾಳಿ ಮರುದಿನ ಬರುವವನಿದ್ದ. ಎಮ್ಮೆಯನ್ನು ನೋಡಲು ಅತ್ತೆಗೆ ಉಳಿದದ್ದು ಅದೊಂದೇ ದಿನ, ಆದರೂ ವಿಭೂತಿ ಒರೆಸಬಾರದು. ಸಂಜೆಯಾದಂತೆ ಅವರ ಮುಖ ಸಣ್ಣದಾಯಿತು. "ಕಾಣಂತೂ ಕಾಣವಲ್ದು. ಇದರಾಗ ಮಾತಾದ್ರೂ ಹೋಗತೈತೇನು?" ಎಂದರು. ಹೋಗುತ್ತದೆ ಎಂದು, ಒತ್ತಿ ಹಿಡಿದು ಮಾತಾಡುವ ಗುರುತನ್ನು ತೋರಿಸಿ, ಬಕೀಟು ತಗೊಂಡು ನಾನು ಹಿತ್ತಲಿಗೆ ಹೋದೆ.

"ಬಾರವ್ವಾ... ನಮ್ಮವ್ವಾ..." ಎಂದಿತು ಕ್ಯಾಮೆರಾ.

ಎಮ್ಮೆ ಮೆಲುಕು ನಿಲ್ಲಿಸಿತು. ಕಿವಿ ನಿಮಿರಿಸಿ ಕ್ಯಾಮೆರಾದ ಹತ್ತಿರ ಮೂತಿ ಒಯ್ದು ಮೂಸಿ ನೋಡಿತು. ಹಗ್ಗ ಜಗ್ಗಿ ಅಡುಗೆಮನೆಯ ಬಾಗಿಲ ಕಡೆ ನೋಡಿತು, ಮತ್ತೆ ಕ್ಯಾಮೆರಾ ನೋಡಿತು. ದನಿ ಇದೆ, ಅತ್ತೆ ಇಲ್ಲ. ಆಮೇಲೆ ಅದು ಓಣಿಗೆಲ್ಲ ಕೇಳುವ ಹಾಗೆ ಕೂಗಿತು. ಕೆಚ್ಚಲು ಮುಟ್ಟಿದರೆ ಒಂದು ಹನಿ ಹಾಲಿಲ್ಲ.

ಅತ್ತೆಯ ದನಿಯೂ ನಿಂತಿತು. ಎರಡನೆಯ ಡಬ್ಬಿಯೂ ಕೈಕೊಟ್ಟಿತು ಎಂದು ಬೈದುಕೊಳ್ಳುತ್ತ ಎದ್ದೆ. ಒಳಗಿನಿಂದ ಟಕ್, ಟಕ್ ಎಂದು ಸಪ್ಪಳ. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ವಾಕರ್ ಹಿಡಿದು ನಿಂತಿದ್ದರು. ನಮ್ಮನೆಯವರ ಬನಿಯನ್ ಅದರ ಮೇಲೆ ಹಾಗೇ ತೂಗುತ್ತಿತ್ತು.

"ಪಾಪ, ಅದು ನನ್ನ ಹುಡಕಾಕತ್ತೈತಿ" ಎಂದರು.

ನಾನು ಓಡಿಹೋಗಿ ಹಿಡಿದುಕೊಂಡೆ. ಅವರು ಎಮ್ಮೆಯ ಹತ್ತಿರ ಬಂದು, ಅದರ ಬೆನ್ನಿನ ಮೇಲೆ ಕೈಯಿಟ್ಟು, "ಇನ್ನ ಬೀಳಂಗಿಲ್ಲ ನಾ. ಹೋಗು, ಕುರ್ಚಿ ತಗೊಂಡು ಬಾ" ಎಂದರು.

ಪಡಸಾಲೆಯಲ್ಲಿ ಮಂಚದ ಮೇಲೆ ಫೋನು ಬಿದ್ದಿತ್ತು. ಬಿಳಿಯ ಮಂಜಿನೊಳಗೆ ದೊಡ್ಡದೊಂದು ನೆರಳು, ಅದಕ್ಕೆ ಒರಗಿ ಸಣ್ಣದೊಂದು ನೆರಳು. ಸಣ್ಣದು ಮಾತಾಡುತ್ತಿತ್ತು.

"ನಾವಿಬ್ಬರೂ ಡಂಬಳದವರವ್ವಾ. ಆಕಿ ಲಕ್ಷ್ಮೇಶ್ವರದಾಕಿ. ಬ್ಯಾರೆ ಊರಾಕಿ ಅಂತ ದೂರ ಮಾಡಬ್ಯಾಡ. ನಾ ಮಾಡಿದ್ದು ಸಾಕು, ನೀ ಮಾಡಬ್ಯಾಡ. ಆಕಿಗೆ ಹಾಲು ಬಿಡು."

ಕುರ್ಚಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ನಾನು ಕಾದದ್ದು ಇದೇ ಮಾತಿಗೆ ಎಂದು ಆಗ ಗೊತ್ತಾಯಿತು.

"ಕುರ್ಚಿ ತರಾಕ ಗದಗಕ್ಕ ಹೋಗಿದ್ದೇನು?" ಎಂದು ಅತ್ತೆ ಬೈದರು. ಅವರನ್ನು ಕುರ್ಚಿಯಲ್ಲಿ ಕೂಡಿಸಿ ನಾನು ಬಕೀಟು ಹಿಡಿದು ಕೂತೆ. ಅವರ ಕೈ ಎಮ್ಮೆಯ ಬೆನ್ನಿನ ಮೇಲೆ, ನನ್ನ ಹಣೆ ಅದರ ಹೊಟ್ಟೆಗೆ. ಸ್ವಲ್ಪ ಹೊತ್ತಿಗೆ ಬಕೀಟಿನ ತಳದಲ್ಲಿ ಹಾಲು ಸದ್ದು ಮಾಡಿತು. ನಮ್ಮನೆಯವರು ಪೇಟೆಯಿಂದ ಬಂದು ಬಕೀಟು ನೋಡಿ, ದಲ್ಲಾಳಿಗೆ ಬರಬೇಡ ಎಂದು ಫೋನು ಮಾಡಿದರು.

ಮರುದಿನ ಕ್ಯಾಮೆರಾದ ಕಣ್ಣು ಒರೆಸಿದೆ. ಈಗ ಫೋನಿನಲ್ಲಿ ಹಿತ್ತಲು ನಿಚ್ಚಳವಾಗಿ ಕಾಣುತ್ತದೆ. ನೋಡಲು ಮಂಚದ ಮೇಲೆ ಯಾರೂ ಇರುವುದಿಲ್ಲ, ನಾವು ಮೂವರೂ ಹಿತ್ತಲಲ್ಲೇ ಇರುತ್ತೇವೆ.