ಪೈಲ್ವಾನರಿಗೆ ಗಾರೆ ಕಲಿಸಿದ್ದು

ಗರಡಿಮನೆ ಉಳಿಯಲಿ ಎಂದು ನಾನು ಓಡಾಡಿದ್ದು ಭಕ್ತಿಯಿಂದಲ್ಲ. ಹಲಸೂರಿನ ನಮ್ಮ ಸಂದಿಯಲ್ಲಿ ನನ್ನ ಒಂದು ಕೋಣೆಯ ಮನೆಗೆ ಸ್ವಂತದ್ದು ಅಂತ ಇರುವುದು ಮೂರೇ ಗೋಡೆ. ನಾಲ್ಕನೆಯದು ಗರಡಿಯದು. ಅದು ಬಿದ್ದರೆ ನನ್ನ ಒಲೆ, ಮಂಚ ಎಲ್ಲ ಬೀದಿಪಾಲು.

ಗೋಡೆ ಕೆಟ್ಟಿದ್ದು ವಯಸ್ಸಾಗಿ ಅಲ್ಲ, ಸಿಮೆಂಟಿನಿಂದ. ಯಾರೋ ಹಿಂದೆ ಚೆಂದ ಕಾಣಲಿ ಎಂದು ಸುಣ್ಣದ ಗೋಡೆಗೆ ಎರಡೂ ಕಡೆ ಸಿಮೆಂಟು ಮೆತ್ತಿದ್ದರು. ಒಳಗಿನ ತೇವಕ್ಕೆ ಹೊರಬರುವ ದಾರಿಯಿಲ್ಲದೆ ಗೋಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಜಾಗದ ಯಜಮಾನರು ಕೆಡವಿ ಅಂಗಡಿ ಕಟ್ಟುತ್ತೇವೆ ಎಂದರು. ಗರಡಿಯವರು ಹಳೇ ಕಟ್ಟಡ ನೋಡುವ ಒಬ್ಬ ಇಂಜಿನಿಯರಮ್ಮನನ್ನು ಕರೆಸಿದರು. ಆಕೆ ಬೀದಿಯಲ್ಲೇ ನಿಂತು, ಆಮೇಲೆ ನನ್ನ ಮನೆಯೊಳಗೆ ಬಂದು, ಗೋಡೆಯನ್ನು ಕೆರೆಸಿ ನೋಡಿದಳು.

"ಇಟ್ಟಿಗೆ ಚೆನ್ನಾಗಿದೆ. ಸಿಮೆಂಟ್ ತೆಗೆದು ಸುಣ್ಣದ ಗಾರೆ ಮಾಡಿ. ತಿಂಗಳು ಬಿಟ್ಟು ಬರ್ತೀನಿ. ಗೋಡೆ ಹಿಡಿದಿದ್ರೆ ಉಳಿಸ್ಬಹುದು ಅಂತ ಬರ್ಕೊಡ್ತೀನಿ. ಇಲ್ದಿದ್ರೆ ನನ್ನ ಕೈಲಿಲ್ಲ" ಎಂದಳು. ಯಜಮಾನರು ಒಪ್ಪಿದರು. ಗಾರೆ ಅರೆಯುವವರು ಈಗ ಯಾರಿದ್ದಾರೆ ಎಂಬ ಧೈರ್ಯ ಅವರದು.

ನಾನಿದ್ದೆ! ಮದುವೆಗೆ ಮುಂಚೆ ಅವ್ವನ ಜೊತೆ ದಂಡು ಪ್ರದೇಶದ ಬಂಗಲೆಗಳಿಗೆ ಗಾರೆ ಅರೆದು ಅರೆದು ನನ್ನ ಅಂಗೈ ಕಲ್ಲಾಗಿತ್ತು. ಅವತ್ತೇ ಗರಡಿಯ ಬಾಗಿಲಿಗೆ ಹೋದೆ. ಕುಸ್ತಿ ಕಲಿಸುವ ಉಸ್ತಾದರು ಅಡ್ಡ ನಿಂತರು. ನನ್ನ ವಯಸ್ಸಿನವರೇ, ಮೀಸೆಗೆ ಮಾತ್ರ ಬಣ್ಣ.

"ಅಮ್ಮಾ, ಹೆಂಗಸರು ಒಳಗೆ ಬರೋ ಹಾಗಿಲ್ಲ. ನಮ್ಮ ತಾತನ ಕಾಲದಿಂದ ಹಂಗೇನೆ."

"ನಿಮ್ಮ ತಾತ ಕಟ್ಟಿಸ್ದಾಗ ಗಾರೆ ಅರೆದೋರು ಯಾರು? ಗಂಡಸರಾ?"

"ಆಗಿನ್ನೂ ಆಂಜನೇಯನ್ನ ಕೂರಿಸಿರ್ಲಿಲ್ಲ."

"ಸರಿ ಬಿಡಿ. ನಾನು ಹೊಸ್ತಿಲಾಚೆ ಕೂತ್ಕೋತೀನಿ, ನಿಮ್ಮ ಪೈಲ್ವಾನ್ರು ಅರೀಲಿ."

ಮಾರನೇ ದಿನ ಬೆಳಿಗ್ಗೆಯೇ ಶುರು. ಗರಡಿ ಅಂಗಳದ ಕಲ್ಲಿನ ಗುಂಡಿಗೆ ಸುಣ್ಣ, ಮರಳು ಸುರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹುಯ್ಯಿಸಿ, ಒನಕೆ ಹಿಡಿಸಿದೆ. ಹತ್ತು ಜನ ಗಂಡಾಳುಗಳು. ಅರ್ಧ ಗಂಟೆಗೆ ಎಲ್ಲರ ನಾಲಿಗೆಯೂ ಹೊರಗೆ!

"ಕನ್ನಡಿ ಮುಂದೆ ತೋಳು ಉಬ್ಬಿಸ್ಕೊಂಡು ನಿಲ್ತೀರಲ್ಲಾ, ಒಂದು ಒನಕೆ ಎತ್ತೋಕಾಗಲ್ವೇನ್ರೋ?"

ಅವರಲ್ಲೊಬ್ಬ ಇಂದಿರಾನಗರದ ಪಬ್ಬಿನ ಬಾಗಿಲು ಕಾಯುವವನು. "ಅಜ್ಜೀ, ಒಂದಿನ ನನ್ನ ಬದ್ಲು ನೀವು ಡ್ಯೂಟಿಗೆ ಬನ್ನಿ. ಆ ಬಾಯಿಗೇ ಕುಡ್ದಿದ್ದೆಲ್ಲ ಇಳಿದು ಹೋಗುತ್ತೆ" ಎಂದ. ಎಂದವನೇ ಮೂಲೆಯಲ್ಲಿದ್ದ ಗದೆ ತಂದು ಗುಂಡಿಗೆ ಬಡಿಯತೊಡಗಿದ. ಧಡ್ ಧಡ್! ನೆಲವೇ ನಡುಗಿತು. ಗದೆಯಲ್ಲಿ ಗಾರೆ ಅರೆಯುವುದನ್ನು ನಾನು ಆವತ್ತೇ ನೋಡಿದ್ದು. ಸಂದಿಯ ಜನವೆಲ್ಲ ಬಾಗಿಲಿಗೆ ಮುತ್ತಿದರು.

ವಾರ ಅರೆದು, ಗೋಡೆಯ ಸಿಮೆಂಟು ಕೆತ್ತಿ ತೆಗೆದು, ಅವರ ಕಡೆಯ ಮುಖಕ್ಕೆ ಅವರೇ ಮೆತ್ತಿದರು. ಬೆಳಿಗ್ಗೆ ಎದ್ದರೆ ಅಷ್ಟೂ ಜಾರಿ ನೆಲಕ್ಕೆ ಬಿದ್ದಿತ್ತು. ಒಂದು ಮುದ್ದೆ ತರಿಸಿ ಮೂಸಿದೆ. ಎಣ್ಣೆ!

"ಯಾವನು ಎಣ್ಣೆ ಹಾಕಿದ್ದು?"

ಉಸ್ತಾದರೇ ಬಾಯಿಬಿಟ್ಟರು. "ನಾನೇ. ಮಟ್ಟಿಗೆ ಹಾಕಲ್ವಾ, ಒಳ್ಳೆಣ್ಣೆ, ತುಪ್ಪ, ಅರಿಶಿನ? ಗೋಡೆ ಮೈನೂ ಗಟ್ಟಿಯಾಗ್ಲಿ ಅಂತ…"

ಮಟ್ಟಿ ಎಂದರೆ ಅವರು ಕುಸ್ತಿ ಮಾಡುವ ಕೆಂಪು ಮಣ್ಣು. ಮೈಗೆ ಮೆತ್ತಗಿರಲಿ ಎಂದು ಅದಕ್ಕೆ ಎಣ್ಣೆ ಕುಡಿಸುತ್ತಾರೆ. ಅದನ್ನೇ ತಂದು ಗಾರೆಗೂ ಕುಡಿಸಿದ್ದರು!

"ಗೋಡೆ ಏನು ನಿಮ್ಮ ಜೊತೆ ಕುಸ್ತಿಗಿಳಿಯುತ್ತಾ ಉಸ್ತಾದ್ರೇ? ಅದಕ್ಕೆ ಇಟ್ಟಿಗೆ ಹಿಡ್ಕೊಳೋದೊಂದೇ ಕೆಲಸ. ಎಣ್ಣೆ ಕೈಲಿ ಏನು ಹಿಡ್ಕೊಳುತ್ತೆ?"

ಪೈಲ್ವಾನರು ನಗು ತಡೆಯಲಾರದೆ ಗೋಡೆ ಕಡೆ ತಿರುಗಿಕೊಂಡರು. ನನಗೆ ನಗು ಬರಲಿಲ್ಲ. ತಿಂಗಳಲ್ಲಿ ಒಂಬತ್ತು ದಿನ ಮಣ್ಣುಪಾಲಾಗಿತ್ತು.

ಗೋಡೆಯನ್ನು ಬಿಸಿನೀರು, ಸೀಗೆಪುಡಿಯಲ್ಲಿ ಉಜ್ಜಿಸಿದೆ, ಹಬ್ಬಕ್ಕೆ ತಲೆ ತೊಳೆದ ಹಾಗೆ. ಮತ್ತೆ ಗುಂಡಿ, ಮತ್ತೆ ಸುಣ್ಣ, ಮತ್ತೆ ಗದೆ. ಏಳನೇ ದಿನ ಗಾರೆ ಮೆತ್ತುವ ಕರಣೆಯ ಮೇಲೆ ಒಂದು ತುತ್ತು ಗಾರೆ ತರಿಸಿ, ಎಲ್ಲರ ಕಣ್ಣೆದುರು ಕರಣೆಯನ್ನು ತಲೆಕೆಳಗು ಮಾಡಿದೆ. ಬೀಳಲಿಲ್ಲ. ಅಲುಗಾಡಿಸಿದೆ. ಆಗಲೂ ಬೀಳಲಿಲ್ಲ! ಅವರು ಕೂಗಿದ ಕೂಗಿಗೆ ಎದುರು ಮನೆಯ ನಾಯಿ ಓಡಿಹೋಯಿತು.

ಗೋಡೆಯ ಆ ಮುಖ ಅವರು ಮೆತ್ತಿದರು. ನನ್ನ ಮನೆಯೊಳಗಿನ ಮುಖ ನಾನೇ ಮಂಚದ ಮೇಲೆ ನಿಂತು ಮೆತ್ತಿದೆ. ನಲವತ್ತೈವತ್ತು ವರ್ಷ ಮುಟ್ಟದಿದ್ದ ಕರಣೆ ಕೈಯಲ್ಲಿ ತಾನಾಗಿ ಓಡಿತು. ಸೊಂಟದ ನೋವು ಎಲ್ಲಿ ಹೋಯಿತೋ. ಆಮೇಲೆ ದಿನಾ ಒದ್ದೆ ಗೋಣಿಚೀಲ ಹೊದಿಸುವುದು ಎರಡೂ ಕಡೆಯವರ ಕೆಲಸವಾಯಿತು.

ಹೇಳಿದ ದಿನ ಇಂಜಿನಿಯರಮ್ಮ ಬಂದಳು, ಜೊತೆಗೆ ಯಜಮಾನರ ಕಡೆಯವನೊಬ್ಬ. ಆಕೆ ಚಪ್ಪಲಿ ಬಿಟ್ಟು ನೆಟ್ಟಗೆ ಗರಡಿಯೊಳಕ್ಕೆ ನಡೆದಳು. ಉಸ್ತಾದರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಇವರೇನು ಗಂಡಸಾ?" ಎಂದೆ.

"ಇವರು ಆಫೀಸರು."

"ಗಾರೆಗೆ ನಾನೇ ಆಫೀಸರು" ಎಂದು ಹೊಸ್ತಿಲು ದಾಟಿದೆ. ಯಾರೂ ತಡೆಯಲಿಲ್ಲ.

ಆಕೆ ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋದಳು. ನಾನು ಹಿಂದೆಯೇ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಎಲ್ಲಾ ಕಡೆ ಗಟ್ಟಿ ಸದ್ದು. ಒಂದು ಜಾಗದಲ್ಲಿ, ಮೊರದಗಲ, ಟೊಳ್ಳು. ಆಕೆ ಅದನ್ನು ದಾಟಿ ಮುಂದೆ ಹೋಗಿದ್ದಳು. ಸುಮ್ಮನಿದ್ದರೆ ಕಾಗದ ಬರುತ್ತಿತ್ತು. ಆದರೆ ಅದರ ಆಚೆಗೆ ಇರುವುದು ನನ್ನ ತಲೆದಿಂಬು.

"ಇಲ್ಲಿ ಟೊಳ್ಳಿದೆ" ಎಂದೆ.

ಯಜಮಾನರ ಕಡೆಯವನ ಮುಖ ಅರಳಿತು. ಪೈಲ್ವಾನರು ನನ್ನನ್ನು ನುಂಗುವ ಹಾಗೆ ನೋಡಿದರು. ಆಕೆ ಬಂದು ಮತ್ತೆ ತಟ್ಟಿದಳು. "ಹೌದಲ್ಲಾ! ಈಗ್ಲೇ ಸರಿ ಮಾಡೋಕಾಗುತ್ತಾ?"

ಉಸ್ತಾದರು ಉಳಿ ತೆಗೆದುಕೊಂಡು ತಾವೇ ಕೆರೆದರು. ಗುಂಡಿಯ ತಳದಲ್ಲಿ ಒದ್ದೆ ಚೀಲದಡಿ ಗಾರೆ ಇನ್ನೂ ಹಸಿಯಾಗಿತ್ತು. ನಾನು ಮೆತ್ತಿದೆ, ಅವರು ಒತ್ತಿದರು. ಇಂಜಿನಿಯರಮ್ಮ ನಿಂತಲ್ಲೇ ಬರೆದು, ಜೋರಾಗಿ ಓದಿದಳು: ಗೋಡೆ ಗಟ್ಟಿ ಇದೆ, ಕೆಡವಬೇಕಾಗಿಲ್ಲ.

ಕೂಗೋ ಕೂಗು! ಯಾರೋ ತೊಡೆ ತಟ್ಟಿದರು, ಯಾರೋ ಮಟ್ಟಿಯಲ್ಲೇ ಉರುಳಿದರು. ಆ ಗದ್ದಲದಲ್ಲಿ ಉಸ್ತಾದರು ನನ್ನ ಕಿವಿಯ ಹತ್ತಿರ ಬಂದು, "ಅಮ್ಮಾ, ಪಡುವಣದ ಗೋಡೆಗೂ ಸಿಮೆಂಟೇ ಬಳಿದಿದಾರೆ" ಎಂದರು.

ನಾನಾಗಲೇ ಅದರ ಮುಂದೆ ನಿಂತು ಉಗುರಿನಿಂದ ಕೆರೆಯುತ್ತಿದ್ದೆ.